ಅಷ್ಟು

ಸೋಮವಾರ ತಿಪ್ಪೇರುದ್ರಪ್ಪ ಮೇಷ್ಟ್ರು ಹೇಳಿದರು:
ಎಕ್ಸ್ ಅಂದರೆ ಐದು.
ಮಂಗಳವಾರ ಅದೇ ಬೋರ್ಡು, ಅದೇ ಕೈ, ಅದೇ ಎಕ್ಸ್,
ಹನ್ನೆರಡು.
ಎದ್ದು ನಿಂತು ಕೇಳಿದೆ:
ನಿನ್ನೆ ಸುಳ್ಳು ಹೇಳಿದ್ದು ಅದೋ, ನೀವೋ?
ಹೊರಗೆ ನಿಲ್ಲಿಸಿದರು.
ಕಿಟಕಿಯಿಂದ ಕಂಡದ್ದು
ಚರಾಕ್ಷರ ಎಂಬ ಪದದ ಕೊನೆಯ ರಕಾರ ಮಾತ್ರ,
ಉಳಿದದ್ದಕ್ಕೆ ಮೇಷ್ಟ್ರ ಬೆನ್ನು ಅಡ್ಡ.

ಬಾಷಾ ನಗರದಲ್ಲಿ ರಾತ್ರಿ ಮೂರಕ್ಕೇ ಬೆಳಗು.
ಮಂಡಕ್ಕಿ ಭಟ್ಟಿಗಳು ಕೆಮ್ಮುತ್ತ ಏಳುವ ಹೊತ್ತು.
ಒಲೆಗೆ ಹೊಟ್ಟು, ಬಾಂಡ್ಲಿಗೆ ಮರಳು,
ಅಮ್ಮಿ ಜರಡಿ ಹಿಡಿದರೆ ನಾನು ಡಬ್ಬಿ.

ಡಬ್ಬಿ ಅಂದರೆ ಹಳೇ ಡಾಲ್ಡಾ ಡಬ್ಬಿ,
ಬಣ್ಣ ಹೋಗಿ, ಒಂದು ಮಗ್ಗುಲು ತಗ್ಗು ಬಿದ್ದು,
ಎಷ್ಟು ಹಿಡಿಯುತ್ತದೆಂದು ಯಾರೂ ತೂಗಿ ನೋಡದ್ದು.
ಆದರೂ ಭಟ್ಟಿಯಲ್ಲಿ ಎಲ್ಲದಕ್ಕೂ ಅದೇ ಮಾತು:
ಒಂದು ಡಬ್ಬಿ ಅಕ್ಕಿಗೆ ಎಂಟು ಡಬ್ಬಿ ಮಂಡಕ್ಕಿ.
ಹತ್ತು ಡಬ್ಬಿ ಹುರಿದರೆ ಒಂದು ಕೂಲಿ.

ಅಮ್ಮಿ, ಎಕ್ಸ್‌ಗೆ ಗೊತ್ತಾದ ಬೆಲೆ ಇಲ್ಲವಂತೆ, ಅಂದೆ.
ಬೆಲೆ ಇಲ್ಲದ್ದನ್ನ ಯಾಕೆ ಕಲಿಸ್ತಾರೆ?
ಇದೆಯಂತೆ. ದಿನಾ ಅದೇ ಅಲ್ಲವಂತೆ.
ಬೈಗುಳವೆಲ್ಲ ದಖ್ಖನಿಯಲ್ಲಿ, ಲೆಕ್ಕ ಮಾತ್ರ ಕನ್ನಡದಲ್ಲಿ,
ಅದು ಅಮ್ಮಿಯ ರೂಢಿ. ಹೇಳಿದಳು:
ಎಷ್ಟು ಸುರಿತೀಯೋ ಅಷ್ಟರ ಎಂಟರಷ್ಟು ಬರ್ತೈತೆ.
ಎಷ್ಟು ಸುರಿತೀ ಅನ್ನೋದು ನಂಗೇನು ಗೊತ್ತು?
ಎಂಟು ಗೊತ್ತು.

ಬಾಂಡ್ಲಿ ಕೂತಿದ್ದ ಎರಡು ಕಬ್ಬಿಣದ ಸರಳು
ಒಂದರ ಪಕ್ಕ ಒಂದು, ಕೆಂಪಗೆ, ಕೂಡದೆ ಕಾದಿದ್ದವು.
ಆಚೆ ಎಷ್ಟು. ಈಚೆ ಅಷ್ಟು.
ನಾನು ಹುಟ್ಟಿದಂದಿನಿಂದ ಬೀಜಗಣಿತ ಮಾತಾಡಿದ್ದೆ:
ಜನ ಎಷ್ಟೋ ಅಷ್ಟು ರೊಟ್ಟಿ,
ಬಿಂದಿಗೆ ಎಷ್ಟೋ ಅಷ್ಟು ಜಗಳ.

ಶ್ರಾವಣ ಹತ್ತಿರವಾಗಿ ಮಂಡಕ್ಕಿಗೆ ಗಿರಾಕಿ ಏರಿತು.
ಯಜಮಾನ ಗೌಸ್‌ಪೀರ್ ಹೊಸ ಡಬ್ಬಿ ತಂದ,
ಸ್ಟೀಲಿನದು, ಮುಖ ಕಾಣುವಂಥದ್ದು.
ಹೆಂಗಸರು ಸೆರಗಿನಿಂದ ಒರೆಸಿ ಒರೆಸಿ ನೋಡಿದರು.
ಮೂರನೇ ದಿನ ರಟ್ಟೆಗೆ ತಿಳಿಯಿತು.
ಹತ್ತು ಡಬ್ಬಿ ಮುಗಿಯುವಷ್ಟರಲ್ಲಿ
ಬಿಸಿಲು ಗೋಡೆ ಇಳಿದು ಹೊಸ್ತಿಲು ದಾಟಿರುತ್ತಿತ್ತು.
ಡಬ್ಬಿ ಹತ್ತೇ. ಕೂಲಿ ಒಂದೇ.

ಅಮ್ಮಿ ಕೂಗಾಡಲಿಲ್ಲ.
ಹಳೇ ಡಬ್ಬಿ ತುಂಬ ಅಕ್ಕಿ ತೆಗೆದು ಹೊಸದಕ್ಕೆ ಸುರಿದಳು.
ಕಂಠದವರೆಗೆ ಬರಲಿಲ್ಲ.
ಆ ಸಂದಿಗೆ ಬೆರಳು ಅಡ್ಡ ಇಟ್ಟು ತೋರಿಸಿದಳು: ಎರಡು.
ನಾನು ಇದ್ದಿಲಲ್ಲಿ ಗೋಡೆ ಮೇಲೆ ಬರೆದೆ:
ಹೊಸದು = ಹಳೇದು + ಎರಡು ಬೆರಳು.
ಕೆಳಗೆ, ಹತ್ತರಿಂದ ಗುಣಿಸಿ, ಇಪ್ಪತ್ತು ಬೆರಳು.
ಹುಸೇನ್‌ಬೀ ತನ್ನ ಕೈಕಾಲು ನೋಡಿಕೊಂಡಳು:
ಅಂದರೆ ದಿನಾ ನಾನೊಬ್ಬಳು ಪೂರ್ತಿ ಬಿಟ್ಟಿಯಾ?

ಎಂಟನೇ ಕ್ಲಾಸಿನ ಹುಡುಗಿ ನನಗೆ ಲೆಕ್ಕ ಹೇಳ್ತಾಳೆ,
ಎಂದು ಗೌಸ್‌ಪೀರ್ ನಕ್ಕ.
ಗೋಡೆಗೆ ನೀರೆರಚಿಸಿದ. ಇದ್ದಿಲು ಇಳಿಯಿತು,
ಸಮ ಚಿಹ್ನೆಯ ಎರಡು ಗೀಟು ಮಾತ್ರ ಇಳಿಯಲಿಲ್ಲ,
ಸುಣ್ಣದ ಬಿರುಕಿನಲ್ಲಿ ಕೂತುಬಿಟ್ಟಿದ್ದವು.
ಆ ದಿನ ಬೆಳಗಾದರೂ ಯಾರೂ ಜರಡಿ ಎತ್ತಲಿಲ್ಲ.
ಮರುದಿನ ಡಾಲ್ಡಾ ಡಬ್ಬಿ ತನ್ನ ಜಾಗಕ್ಕೆ ಬಂತು.
ಇನ್ನೊಂದು ಮಗ್ಗುಲಿಗೂ ಒಂದು ತಗ್ಗು ಬಿದ್ದಿತ್ತು,
ಮೊದಲಿನದಕ್ಕಿಂತ ಆಳ.
ಅದು ಯಾರ ಗುದ್ದೆಂದು ಯಾರೂ ಕೇಳಲಿಲ್ಲ,
ಅಮ್ಮಿಯೂ ಹೇಳಲಿಲ್ಲ.
ಅಂಗೈಗೆ ಅರಿಶಿನ ಹಚ್ಚಿಕೊಂಡಿದ್ದಳು.

ಶುಕ್ರವಾರ ಮೇಷ್ಟ್ರು ಬೋರ್ಡಿನ ಮೇಲೆ ಬರೆದು
ನನ್ನ ಕಡೆಗೇ ಸೀಮೆಸುಣ್ಣ ತೋರಿಸಿದರು:
ಈಗ ಎಕ್ಸ್ ಎಷ್ಟು?
ಯಾರ ಡಬ್ಬಿ ಸಾರ್, ಅಂದೆ.
ಕ್ಲಾಸು ನಕ್ಕಿತು. ಅವರು ನಗಲಿಲ್ಲ.
ಕೈಯ ಪುಡಿ ಒರೆಸಿಕೊಳ್ಳುತ್ತ ಬಹಳ ಹೊತ್ತು ನಿಂತರು.
ನಾನು ಅಭ್ಯಾಸದಂತೆ ಬಾಗಿಲ ಕಡೆ ನಡೆದೆ.
ಬೇಡ, ಅಂದರು.
ಒಳಗೇ ನಿಂತು ಹೇಳು.